ಲೈಲನ ಸುತ್ತಿಗೆ

ಜುಲೈ 10, ಭಾನುವಾರ

ಈ ನೋಟ್‌ಬುಕ್ ನಾನು ಕೊಂಡದ್ದಲ್ಲ. ಒಮಾಹಾದ ಚರ್ಚಿನವರು ಸೇವೆಗೆಂದು ಹೊರಟ ನಮ್ಮ ಹನ್ನೊಂದು ಜನಕ್ಕೂ ಒಂದೊಂದು ಹಂಚಿದ್ದಾರೆ. ಹೊದಿಕೆಯ ಮೇಲೆ ಪಾರಿವಾಳ. ಒಳಗೆ ಪ್ರತಿ ಪುಟದ ನೆತ್ತಿಯಲ್ಲೂ ಒಂದೇ ಪ್ರಶ್ನೆ ಅಚ್ಚಾಗಿದೆ: ‘ಇಂದು ನನಗೇನು ಸಿಕ್ಕಿತು?’ ಸಂಜೆ ಊಟವಾದ ಮೇಲೆ ಎಲ್ಲರೂ ದುಂಡಗೆ ಕೂತು ಬರೆದದ್ದನ್ನು ಓದಿ ಹೇಳಬೇಕಂತೆ. ನಾನು ಓದುವುದಿಲ್ಲ ಎಂದು ವ್ಯಾನಿನಲ್ಲೇ ಹೇಳಿಬಿಟ್ಟೆ. ಬರೆದರೆ ನನಗಾಗಿ ಬರೆದುಕೊಳ್ಳುತ್ತೇನೆ.

ಇಂದು ನನಗೆ ಸಿಕ್ಕಿದ್ದು ಬೆನ್ನುನೋವು. ಏಳು ಗಂಟೆ ವ್ಯಾನಿನ ಹಿಂದಿನ ಸೀಟು, ಪಕ್ಕದಲ್ಲಿ ವಾರೆನ್ ಎಂಬ ನಿವೃತ್ತ ದಂತವೈದ್ಯ. ದಾರಿಯುದ್ದಕ್ಕೂ ನನ್ನ ಹಲ್ಲನ್ನೇ ನೋಡುತ್ತಿದ್ದ.

ಒಂದು ಮಾತು ಮೊದಲೇ ಬರೆದಿಡುತ್ತೇನೆ. ನಾನು ಬಂದಿರುವುದು ಕೆಲಸಕ್ಕೆ. ಇಪ್ಪತ್ತು ವರ್ಷದಿಂದ ಸೂರಿನ ಮೇಲೆ ಬದುಕಿದವಳು ನಾನು. ಈ ಚರ್ಚಿನ ಸೂರು ಸೋರುತ್ತಿದ್ದಾಗ ರಿಪೇರಿಗೆ ಹೋಗಿದ್ದೆ. ತಂಡದ ಯಜಮಾನಿ ಜೋಲೀನ್ ಏಣಿಯ ಕೆಳಗೆ ನಿಂತು ಕೇಳಿದಳು: “ಟ್ವೈಲಾ, ನೀವು ಲಕೋಟ ಬುಡಕಟ್ಟಿನ ಇಂಡಿಯನ್ ಅಲ್ವಾ? ನಾವು ಪ್ರತಿ ಜುಲೈ ಟರ್ನಿಪ್ ಹಿಲ್‌ಗೆ ಹೋಗ್ತೀವಿ. ಮರಗೆಲಸ ಗೊತ್ತಿರೋರು ಬೇಕಿತ್ತು. ಆ ಕಡೆ ಗೊತ್ತಾ ನಿಮಗೆ?”

ಗೊತ್ತಾ ಅಂತೆ! ಹುಟ್ಟಿದ್ದು ಅಲ್ಲಿ. ಕಾಲಿಟ್ಟು ಒಂಬತ್ತು ವರ್ಷವಾಗಿತ್ತು. ಬರುತ್ತೇನೆ ಎಂದೆ. ಪುಕ್ಕಟೆ ಸವಾರಿ, ಮೂರು ಹೊತ್ತು ಊಟ, ಅಷ್ಟೇ. ಅದಕ್ಕಿಂತ ಹೆಚ್ಚಿನ ಕಾರಣ ಯಾರೂ ಹುಡುಕುವುದು ಬೇಡ.

ಊರು ಹತ್ತಿರವಾದಾಗ ಜೋಲೀನ್ ಕೆಲಸದ ಪಟ್ಟಿ ಹಂಚಿದಳು. ಐದನೇ ಸಾಲು: ಲವೇರಾ, ಹಳದಿ ಮನೆ, ಮೆಟ್ಟಿಲ ಜಾಗದಲ್ಲಿ ರ‍್ಯಾಂಪ್. ಲವೇರಾ ನನ್ನ ಅಮ್ಮನ ತಂಗಿ. ನಮ್ಮಲ್ಲಿ ಅಮ್ಮನ ತಂಗಿಯೂ ಅಮ್ಮನೇ, ಕರೆಯುವುದೂ ಇನಾ ಎಂದೇ. ನಾನು ಪಟ್ಟಿ ಮಡಚಿ ಜೇಬಿಗಿಟ್ಟು ಹೊರಗೆ ನೋಡುತ್ತಾ ಕೂತೆ.

ಜುಲೈ 11, ಸೋಮವಾರ

ಬೇರೆ ಯಾವುದಾದರೂ ಮನೆ ಕೊಡು ಎಂದು ಜೋಲೀನಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆ ಕೇಳಬೇಕು? ನಾನೇನು ಹೆದರಿಕೊಂಡಿದ್ದೇನೆಯೇ?

ಹಳದಿ ಮನೆಯ ಮುಂದೆ ವ್ಯಾನ್ ನಿಂತಾಗ ಇನಾ ಬಾಗಿಲಲ್ಲೇ ಇದ್ದಳು. ಸೊಂಟ ಮುರಿದ ಮೇಲೆ ನಾಲ್ಕು ಕಾಲಿನ ವಾಕರ್ ಹಿಡಿದೇ ನಡೆಯುತ್ತಾಳೆ. ಐದು ಮೆಟ್ಟಿಲು ಅವಳಿಗೆ ಐದು ಬೆಟ್ಟ. ನನ್ನನ್ನು ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

“ಬನ್ನಿ, ಎಲ್ರೂ ಬನ್ನಿ, ಕೂತ್ಕೊಳ್ಳಿ,” ಎಂದಳು.

ಎಲ್ಲರೂ! ನಾನೂ ಆ ಎಲ್ಲರಲ್ಲಿ ಒಬ್ಬಳು. ಕಾಫಿ ಬಂತು. ಮನೆಯವರು ಕುಡಿಯುವುದು ಕಿವಿ ಮುರಿದ ಬಣ್ಣಗೆಟ್ಟ ಲೋಟಗಳಲ್ಲಿ. ನೀಲಿ ಹೂವಿನ ಕಪ್ಪುಗಳು ಹೊರಗಿನವರಿಗೆ ಮಾತ್ರ. ಪಾದ್ರಿ ಬಂದರೆ, ನರ್ಸ್ ಬಂದರೆ ಅವು ಕೆಳಗಿಳಿಯುತ್ತಿದ್ದವು. ಚಿಕ್ಕವಳಿದ್ದಾಗ ಒಂದನ್ನು ಮುಟ್ಟಿ ಬೆನ್ನ ಮೇಲೆ ಪೆಟ್ಟು ತಿಂದಿದ್ದೇನೆ. ಇವತ್ತು ನೀಲಿ ಹೂವಿನ ಕಪ್ಪನ್ನು ನನ್ನ ಕೈಗೂ ಕೊಟ್ಟಳು, ತಟ್ಟೆಯ ಸಮೇತ. ನಾನೂ ಬಿಡಲಿಲ್ಲ. “ಥ್ಯಾಂಕ್ಸ್, ತುಂಬಾ ಚೆನ್ನಾಗಿದೆ,” ಎಂದು ನೆಂಟರ ಹಾಗೇ ಹೇಳಿದೆ.

ಜೋಲೀನ್ ರ‍್ಯಾಂಪಿನ ನಕ್ಷೆ ಬಿಚ್ಚಿದಳು. ಇನಾ ಅದರ ಕಡೆ ನೋಡಲೂ ಇಲ್ಲ.

“ಅದನ್ನ ನಾನು ಕೇಳಿಲ್ಲಮ್ಮ. ಪಟ್ಟೀಲಿ ಬರೆದೋಳು ನರ್ಸು. ನೀವು ಅಷ್ಟು ದೂರದಿಂದ ಬಂದಿದೀರ, ಏನಾದ್ರೂ ಕಟ್ಟದೇ ಹೋದ್ರೆ ನಿಮಗೆ ನಿದ್ದೆ ಬರಲ್ಲ. ಕಟ್ಕೊಳ್ಳಿ. ನಾನು ಅದರ ಮೇಲೆ ಕಾಲಿಡಲ್ಲ.”

ಜೋಲೀನ್ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದಳು. ಕಟ್ಟೋಣ, ಕಾಲಿಡುವುದು ಅವರಿಷ್ಟ ಎಂದೆ.

ಒಳಕೋಣೆಯ ಬಾಗಿಲು ತೆರೆದಿತ್ತು. ನೆಲದಿಂದ ಕಿಟಕಿಯವರೆಗೆ ಕೌದಿಗಳು, ಎಲ್ಲದರ ನಡುವೆ ಎಂಟು ಮೂಲೆಯ ನಕ್ಷತ್ರ. ನಾಲ್ಕು ಹೆಂಗಸರು ಕೂತು ಇನ್ನೂ ಹೊಲಿಯುತ್ತಿದ್ದರು. ಶನಿವಾರಕ್ಕೆ ಅಮ್ಮ ತೀರಿಕೊಂಡು ವರ್ಷವಾಗುತ್ತದೆ. ಅಂದು ದುಃಖ ಮುಗಿಸುವ ಊಟ, ಊಟವಾದ ಮೇಲೆ ಹಂಚಿಕೆ. ವರ್ಷವಿಡೀ ಹೊಲಿದದ್ದು, ಕೂಡಿಟ್ಟದ್ದು, ಸತ್ತವರ ವಸ್ತು, ಎಲ್ಲವನ್ನೂ ಮನೆಯವರು ಸಾಲಾಗಿ ನಿಂತು ಊರಿಗೆ ಕೊಟ್ಟುಬಿಡಬೇಕು. ಮನೆಯವರಿಗೆ ಒಂದು ನೂಲೂ ಉಳಿಯಬಾರದು.

“ನೀವೆಲ್ಲ ಶನಿವಾರ ಬರಲೇಬೇಕು,” ಎಂದಳು ಇನಾ, ಜೋಲೀನಳಿಗೆ. “ಹನ್ನೊಂದು ಜನದ ಹೆಸರಲ್ಲೂ ಕೌದಿ ಎತ್ತಿಟ್ಟಿದೀನಿ.”

ಎಣಿಸಿದೆ. ಹನ್ನೊಂದು ಎಂದರೆ ನನ್ನನ್ನೂ ಸೇರಿಸಿ.

ಜುಲೈ 12, ಮಂಗಳವಾರ

ಮೆಟ್ಟಿಲು ಕಿತ್ತೆವು. ಕಂಬಕ್ಕೆ ಗುಂಡಿ ತೋಡಿದೆವು. ಇಲ್ಲಿನ ಮಣ್ಣು ಬೇಸಿಗೆಯಲ್ಲಿ ಗಾರೆಯ ಹಾಗೆ. ವಾರೆನ್ ಎರಡು ಗುದ್ದು ಹಾಕಿ ನೀರು ಕುಡಿಯಲು ಹೋದವನು ಮಧ್ಯಾಹ್ನದವರೆಗೂ ಕುಡಿಯುತ್ತಲೇ ಇದ್ದ.

ಆರ್ವಿಲ್ ಬಂದ. ಊರಿಗೆಲ್ಲ ಲೆಕ್ಷಿ ಅವನು, ಮಾವ. ಎಪ್ಪತ್ತಾರು ವರ್ಷ. ನನಗೂ ನನ್ನ ತಮ್ಮ ಲೈಲನಿಗೂ ಗರಗಸ ಹಿಡಿಯಲು ಕಲಿಸಿದವನು. ಅವನು ಬರುತ್ತಾನೆಂದು ಗೊತ್ತಿತ್ತು. ಆದರೂ ಅವನ ಟೋಪಿ ಬೇಲಿಯಾಚೆ ಕಂಡಾಗ ಅಳತೆ ತಪ್ಪಿ ಮತ್ತೆ ಅಳೆದೆ. ಬಿಸಿಲಿಗಿರಬೇಕು.

ಮಡಚುವ ಕುರ್ಚಿ ತಂದಿದ್ದ. ನೆರಳಿಗೆ ಹಾಕಿ ಕೂತ.

“ನಮ್ಮ ಬಿಳೀ ವಾಸೀಚುಗಳು ಈ ಸಲ ಒಬ್ಬ ಇಂಡಿಯನ್ನನ್ನೂ ತಂದಿದಾರಲ್ಲ,” ಎಂದ. “ನಮ್ಮತ್ರ ಕಮ್ಮಿ ಬಿದ್ದಿತ್ತು ಅಂತಾನಾ? ಏಯ್ಯ್!”

“ನಿನ್ನತ್ರ ಮಾತಾಡೋಕೆ ಯಾರೂ ಉಳಿದಿಲ್ಲ ಅಂತ ಕೇಳಿದೆ ಲೆಕ್ಷಿ. ಅದಕ್ಕೇ ಬಂದೆ.”

ನಕ್ಕ. ಆಮೇಲೆ ನನ್ನ ಸೊಂಟದ ಕಡೆ ತುಟಿ ಚಾಚಿ ತೋರಿಸಿದ. “ಸುತ್ತಿಗೆ ಚೆನ್ನಾಗಿದೆ.”

“ಹೌದು,” ಎಂದೆ.

ಅಷ್ಟೇ. ಅವನು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಬರೆದೇಬಿಡುತ್ತೇನೆ, ಈ ಪುಸ್ತಕ ಇನ್ಯಾರೂ ಓದುವುದಿಲ್ಲವಲ್ಲ. ಸುತ್ತಿಗೆ ಲೈಲನದು. ಹಿಡಿಗೆ ಕೆಂಪು ಪಟ್ಟಿ ಸುತ್ತಿದವನು ಅವನೇ, ಕಾದ ಮೊಳೆಯಿಂದ ಹೆಸರಿನ ಮೊದಲ ಅಕ್ಷರ ಸುಟ್ಟವನೂ ಅವನೇ. ಮಂಜಿನ ರಸ್ತೆಯಲ್ಲಿ ಲಾರಿ ಜಾರಿ ಲೈಲ್ ಸತ್ತ. ವರ್ಷ ತುಂಬಿದ ದಿನ ಅಮ್ಮ ಅವನ ವಸ್ತುಗಳನ್ನೆಲ್ಲ ಹಂಚಿದಳು. ಕುದುರೆ ಹೋಯಿತು, ಬೂಟು ಹೋಯಿತು, ನಾನು ಸುಮ್ಮನಿದ್ದೆ. ಕೊನೆಗೆ ಈ ಸುತ್ತಿಗೆಯನ್ನು ಆರ್ವಿಲ್‌ನ ಕೈಗಿಟ್ಟಳು. ನಾನು ಕೊಡುವವರ ಸಾಲಿನಿಂದ ಹೊರಬಂದು, ಊರಿನ ಹಾಲ್‌ನಲ್ಲಿ ಮುನ್ನೂರು ಜನರೆದುರು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಕೊಟ್ಟದ್ದನ್ನು ಕಿತ್ತುಕೊಂಡೆ! ಅಮ್ಮ ನೆಲ ನೋಡಿದಳು. ಅದೇ ದಿನ ಊರು ಬಿಟ್ಟೆ.

ಹೋದ ವರ್ಷ ಇನಾ ಫೋನ್ ಮಾಡಿ ಅಮ್ಮ ಹೋದಳು ಎಂದಾಗ ನಾನು ಒಂದು ಸೂರಿನ ಮೇಲಿದ್ದೆ. ಕೆಲಸ ಇದೆ, ಬರಲಾಗಲ್ಲ ಎಂದೆ. ಸುಳ್ಳು. ಕೆಲಸ ಬಿಟ್ಟು ಬರಬಹುದಿತ್ತು. ಆ ಹಾಲ್‌ನೊಳಗೆ ಮತ್ತೆ ಕಾಲಿಡಲು ನನ್ನಿಂದ ಆಗಲಿಲ್ಲ.

ಆದರೂ ಹೇಳುತ್ತೇನೆ, ನಾನು ಮಾಡಿದ್ದು ತಪ್ಪಲ್ಲ. ತಮ್ಮನದು ಒಂದೇ ಒಂದು ವಸ್ತು. ಅದನ್ನೂ ಕೊಡಬೇಕಿತ್ತಾ?

ಜುಲೈ 13, ಬುಧವಾರ

ವಾರೆನ್ ತನ್ನ ಹೆಬ್ಬೆರಳಿಗೆ ತಾನೇ ಹೊಡೆದುಕೊಂಡ. ಇಂದು ನನಗೆ ಸಿಕ್ಕಿದ್ದು: ವಾರೆನ್‌ನ ಪಾಲಿನ ಕೆಲಸ.

ಜುಲೈ 14, ಗುರುವಾರ

ಹಲಗೆ ಕಡಿಮೆ ಬಿತ್ತು. ತರಲು ಹೋದವರು ಮಧ್ಯಾಹ್ನದವರೆಗೂ ಬರಲಿಲ್ಲ. ಸುಮ್ಮನೆ ಕೂರುವುದು ನನಗಾಗದು. ಅಡುಗೆಮನೆಯಲ್ಲಿ ಆಲೂಗಡ್ಡೆಯ ಮೂಟೆ ಬಿಚ್ಚಿದ್ದರು, ಚಾಕು ತೆಗೆದುಕೊಂಡು ಕೂತೆ. ಎರಡು ಸುಲಿದಿರಲಿಲ್ಲ, ಇನಾ ಬಂದು ಚಾಕು ತೆಗೆದುಕೊಂಡಳು.

“ಬಿಡು, ಬಿಡು. ನೆಂಟರ ಕೈಲಿ ಕೆಲಸ ಮಾಡಿಸ್ತಾರೆ ಅಂತ ಊರು ಆಡ್ಕೊಳ್ಳತ್ತೆ.”

ಹೊಲಿಯುವ ಹೆಂಗಸರು ಬಾಯಿಗೆ ಬಟ್ಟೆ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎದ್ದು ಒಳಕೋಣೆಗೆ ಹೋದೆ, ಯಾರೂ ಕರೆಯದಿದ್ದರೂ. ಕೌದಿಗಳಿಗೆ ಚೀಟಿ ಚುಚ್ಚಿದ್ದರು. ಜೋಲೀನ್, ವಾರೆನ್, ನರ್ಸ್, ಪಾದ್ರಿ. ಹಸಿರು ನಕ್ಷತ್ರದ ಕೌದಿಯ ಮೇಲೆ ನನ್ನ ಹೆಸರು. ಹೆಸರಿನ ಕೆಳಗೆ ‘ಒಮಾಹಾ’ ಎಂದು ಬರೆದಿದ್ದರು.

ತುಂಬಾ ಚೆನ್ನಾದ ಕೌದಿ. ಅದನ್ನು ಹರಿದುಹಾಕಬೇಕು ಅನ್ನಿಸಿತು. ಶನಿವಾರ ಇಡೀ ಊರಿನೆದುರು ನನ್ನ ಹೆಸರು ಕೂಗುತ್ತಾರೆ, ನಾನು ಎದ್ದು ಹೋಗಿ ಕೌದಿ ತೆಗೆದುಕೊಳ್ಳುತ್ತೇನೆ, ಅಮ್ಮನ ಊಟದಲ್ಲಿ ನಾನು ಒಮಾಹಾದಿಂದ ಬಂದ ಅತಿಥಿ ಎಂದು ಊರೆಲ್ಲ ಒಪ್ಪಿಕೊಳ್ಳುತ್ತದೆ. ಆಮೇಲೆ ಅದನ್ನು ಬದಲಾಯಿಸಲು ಯಾರಿಂದಲೂ ಆಗುವುದಿಲ್ಲ. ಮಗಳಿಗೆ ಯಾರೂ ಕೌದಿ ಕೊಡುವುದಿಲ್ಲ.

ಇನಾ ಹಿಂದೆಯೇ ಬಂದು ನಿಂತಿದ್ದಳು. ನನ್ನ ಕೂದಲು ನೋಡುತ್ತಿದ್ದಳು. ಸೊಂಟದವರೆಗೆ ಇದ್ದದ್ದು ಈಗ ಭುಜಕ್ಕೆ ಬರುತ್ತದೆ.

“ಯಾವಾಗ ಕತ್ತರಿಸಿದ್ದು?”

“ಜುಲೈನಲ್ಲಿ.”

“ಯಾವ ಜುಲೈ?”

“ಹೋದ ಜುಲೈ. ಸೂರಿನ ಮೇಲೆ ಸೆಕೆ. ಅದಕ್ಕೇ ಕತ್ತರಿಸಿದೆ.”

“ಸೆಕೆಗೆ,” ಎಂದಳು ಇನಾ. ಅವಳ ಕೂದಲೂ ಅಷ್ಟೇ ಉದ್ದವಿತ್ತು. ಹೊಲಿಯುತ್ತಿದ್ದ ನಾಲ್ವರದೂ ಅಷ್ಟೇ ಉದ್ದ. ನಮ್ಮಲ್ಲಿ ಮನೆಯವರು ಸತ್ತರೆ ಕೂದಲು ಕತ್ತರಿಸುತ್ತಾರೆ.

ಸಂಜೆ ಆರ್ವಿಲ್ ತನ್ನ ಕುರ್ಚಿಯಲ್ಲಿ ಕೂತು ಒಂದು ಕಥೆ ಹೇಳಿದ. ನಾನು ಮೊಳೆ ಹೊಡೆಯುತ್ತಿದ್ದೆ. ಕೇಳದವಳ ಹಾಗೆ ಕೇಳಿದೆ.

“ನೀನು ಹೋದ ಮಾರನೇ ದಿನ ನಿನ್ನಮ್ಮ ನಮ್ಮನೆ ಬಾಗಿಲಿಗೆ ಬಂದ್ಲು. ಕೈಗಾಡೀಲಿ ಹೊಲಿಗೆ ಯಂತ್ರ. ಸುತ್ತಿಗೆ ಬದಲಿಗೆ ಇದು ಅಂದ್ಲು. ನನಗೆ ಯಾಕೆ ಹೊಲಿಗೆ ಯಂತ್ರ? ನನ್ನ ಅಂಗಿ ಗುಂಡೀನೇ ನಾನು ತಂತೀಲಿ ಕಟ್ಕೊಳ್ಳೋನು. ಬೇಡ ಅನ್ನೋಕಾಗತ್ತಾ? ತಗೊಂಡೆ. ಆಮೇಲೆ ಲವೇರಾಗೆ ಕೊಟ್ಟೆ.”

“ಅಮ್ಮ ಹೊಲಿಗೆ ಬಿಟ್ಲಾ?”

“ಬಿಡ್ತಾಳಾ? ದಿನಾ ಇಲ್ಲಿಗೆ ಬಂದು, ‘ಲವೇರಾ, ನಿನ್ನ ಯಂತ್ರ ಸ್ವಲ್ಪ ಕೊಡ್ತೀಯಾ’ ಅಂತ ಕೇಳಿ ಹೊಲೀತಿದ್ಲು. ಎಂಟು ವರ್ಷ. ಒಂದು ದಿನಾನೂ ಕೇಳದೆ ಮುಟ್ಟಲಿಲ್ಲ. ಲವೇರಾ ‘ಈಗ ಬಿಡುವಿಲ್ಲ, ನಾಳೆ ಬಾ’ ಅಂತ ಸತಾಯಿಸ್ತಿದ್ಲು. ಏಯ್ಯ್.”

ಒಳಗಿನಿಂದ ಅದೇ ಯಂತ್ರದ ಸದ್ದು ಬರುತ್ತಿತ್ತು. ನಾನು ಎರಡು ಮೊಳೆ ಸೊಟ್ಟ ಹೊಡೆದು ಕಿತ್ತೆ. ವರ್ಷಗಳಿಂದ ನಾನು ಮೊಳೆ ಸೊಟ್ಟ ಹೊಡೆದಿದ್ದಿಲ್ಲ.

ಜುಲೈ 15, ಶುಕ್ರವಾರ

ಚೀಟಿ ಹರಿದೆ. ಕದ್ದು ಹರಿಯಲಿಲ್ಲ. ಬೆಳಿಗ್ಗೆ ನೇರ ಒಳಕೋಣೆಗೆ ಹೋಗಿ, ಆ ನಾಲ್ವರೂ ನೋಡುತ್ತಿರುವಾಗಲೇ, ಹಸಿರು ನಕ್ಷತ್ರದ ಮೇಲಿನ ನನ್ನ ಹೆಸರು ತೆಗೆದು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ಯಂತ್ರ ನಿಂತಿತು. ಒಬ್ಬಳು ಕೂಗಿದಳು, “ಲವೇರಾ, ಬಾ ಇಲ್ಲಿ, ಒಮಾಹಾದೋಳು ಚೀಟಿ ಹರೀತಿದಾಳೆ!”

ಇನಾ ಬಂದಳು. ವಾಕರಿನ ಸದ್ದು ಟಕ್ ಟಕ್ ಎಂದು ಹತ್ತಿರ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.

“ಈ ಕೌದಿ ಯಾರಿಗೆ ಹೋಗ್ಬೇಕು ಈಗ?”

“ಯಾರಿಗಾದ್ರೂ ಕೊಡು. ನನಗೆ ಬೇಡ.”

“ಬೇಡ ಅಂದ್ರೆ ಆಯ್ತಾ? ತಗೊಳ್ಳೋರ ಜೊತೆ ಇಲ್ಲ ಅಂದ್ರೆ ಕೊಡೋರ ಸಾಲಲ್ಲಿ ನಿಂತ್ಕೋಬೇಕು. ಬರೀ ಕೈಲಿ ಯಾರೂ ನಿಲ್ಲಲ್ಲ. ನೀನೇನು ಕೊಡ್ತೀಯಾ?”

“ನನ್ನ ಡ್ರಿಲ್ ಕೊಡ್ತೀನಿ. ಹೊಸದು. ಎರಡು ಬ್ಯಾಟರಿ ಇದೆ.”

“ಡ್ರಿಲ್ ಅಂಗಡೀಲಿ ಸಿಗತ್ತೆ,” ಎಂದಳು ಇನಾ.

ಯಾರೂ ಸುತ್ತಿಗೆಯ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಅದು ನನ್ನ ಸೊಂಟದಲ್ಲೇ ನೇತಾಡುತ್ತಿತ್ತು. ನನಗೆ ರೇಗಿಹೋಯಿತು. “ಒಂಬತ್ತು ವರ್ಷ ಇದರಲ್ಲೇ ಅನ್ನ ತಿಂದಿದೀನಿ ಇನಾ. ಇದನ್ನ ಕೇಳ್ಬೇಡ. ಅಮ್ಮ ಇದ್ದಾಗ್ಲೂ ಕೊಡ್ಲಿಲ್ಲ, ಈಗ್ಲೂ ಕೊಡಲ್ಲ,” ಎಂದು ಕಿರುಚಿದೆ.

“ನಾನೆಲ್ಲಿ ಕೇಳ್ದೆ?” ಎಂದಳು ಇನಾ. ಹಸಿರು ಕೌದಿಯನ್ನು ಮಡಚಿ, ಚೀಟಿಯಿಲ್ಲದೆಯೇ ರಾಶಿಯ ಮೇಲಿಟ್ಟಳು. “ಹಲಗೆ ಬಂದಿದೆ. ಹೋಗು, ನಿನ್ನ ಜನ ಕಾಯ್ತಿದಾರೆ.”

ರ‍್ಯಾಂಪಿನ ಹಲಗೆಯನ್ನೆಲ್ಲ ಇವತ್ತೇ ಹೊಡೆದು ಮುಗಿಸಿದೆ. ಒಬ್ಬಳೇ. ಯಾರಿಗೂ ಮುಟ್ಟಲು ಬಿಡಲಿಲ್ಲ. ಜೋಲೀನ್ ನೀರು ತಂದುಕೊಟ್ಟು, “ನಿಮ್ಮ ಮನಸ್ಸಿಗೆ ಏನಾದ್ರೂ ಬೇಜಾರಾ?” ಎಂದು ಕೇಳಿದಳು. ಒಳ್ಳೆಯ ಹೆಂಗಸು. ನನ್ನ ಮನಸ್ಸು ಚೆನ್ನಾಗಿಯೇ ಇದೆ, ಪಕ್ಕದ ಕಟಕಟೆ ಮಾತ್ರ ಬಾಕಿ ಎಂದೆ.

ನಾಳೆ ಹಾಲ್‌ಗೆ ಹೋಗುವುದಿಲ್ಲ. ವ್ಯಾನಿನಲ್ಲಿ ಕೂತಿರುತ್ತೇನೆ. ತೀರ್ಮಾನ ಮಾಡಿಯಾಯಿತು.

ಜುಲೈ 17, ಭಾನುವಾರ, ಬೆಳಿಗ್ಗೆ

ನಿನ್ನೆ ಬರೆಯಲು ಪುರುಸೊತ್ತಾಗಲಿಲ್ಲ. ಪಾತ್ರೆ ತೊಳೆಯುವುದಿತ್ತು.

ಹೋಗುವುದಿಲ್ಲ ಎಂದು ಬರೆದದ್ದು ನಿಜ. ವ್ಯಾನಿನಲ್ಲಿ ಸ್ವಲ್ಪ ಹೊತ್ತು ಕೂತೆ ಕೂಡಾ. ಆದರೆ ಒಳಗೆ ಆರ್ವಿಲ್ ಮೈಕಿನಲ್ಲಿ ಮಾತಾಡುವುದು ಕೇಳುತ್ತಿತ್ತು, ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಅರ್ಧ ಕೇಳುವುದಕ್ಕಿಂತ ಒಳಗೆ ಹೋಗಿ ಕೇಳುವುದೇ ಮೇಲು ಎಂದು ಹೋದೆ. ಅದಕ್ಕಿಂತ ಬೇರೆ ಕಾರಣವಿಲ್ಲ.

ಹಾಲ್ ತುಂಬಿತ್ತು. ಎಲ್ಲರೂ ಮನೆಯಿಂದ ಬಟ್ಟಲು, ಚಮಚ, ಉಳಿದದ್ದನ್ನು ಒಯ್ಯಲು ಮುಚ್ಚಳದ ಬಕೆಟ್ಟು ತಂದಿದ್ದರು. ಜೋಲೀನ್ ಕೂಡಾ ನಮ್ಮ ಹನ್ನೊಂದು ಜನಕ್ಕೂ ಬಟ್ಟಲು ತಂದಿದ್ದಳು. “ಮೂರನೇ ವರ್ಷ ಅಲ್ವಾ, ಗೊತ್ತು ನನಗೆ,” ಎಂದು ಹೆಮ್ಮೆಯಿಂದ ಹೇಳಿದಳು. ಎದುರು ಗೋಡೆಗೆ ಅಮ್ಮನ ಫೋಟೊ. ಅದರ ಮುಂದೆ ಅವಳ ಪಾಲಿನ ತಟ್ಟೆ: ಒಣಮಾಂಸದ ಸಾರು, ಕರಿದ ರೊಟ್ಟಿ, ಕಾಡುಚೆರಿಯ ಪಾಯಸ. ಫೋಟೊದಲ್ಲಿ ಅಮ್ಮ ನಗುತ್ತಿದ್ದಳು. ನಾನಿದ್ದಾಗ ಫೋಟೊಗೆ ನಕ್ಕವಳೇ ಅಲ್ಲ. ಇದನ್ನು ತೆಗೆದದ್ದು ನಾನು ಹೋದ ಮೇಲೆ.

ಊಟದ ನಂತರ ಮನೆಯವರು ಸಾಲಾಗಿ ನಿಂತರು. ಮೊದಲು ಇನಾ, ವಾಕರಿಗೆ ಆತುಕೊಂಡು. ಅವಳ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಆಮೇಲೆ ಉಳಿದವರು. ಆ ಜಾಗದ ಕಡೆ ಯಾರೂ ನೋಡುತ್ತಿರಲಿಲ್ಲ, ಅಂದರೆ ಎಲ್ಲರಿಗೂ ಗೊತ್ತಿತ್ತು.

ಆರ್ವಿಲ್ ಹೆಸರು ಕೂಗತೊಡಗಿದ. ನರ್ಸ್, ಪಾದ್ರಿ, ಗೋರಿ ತೋಡಿದ ನಾಲ್ವರು. ಆಮೇಲೆ ನಮ್ಮ ತಂಡ. ವಾರೆನ್‌ನ ಸರದಿಗೆ, “ಇದು ಡಾಕ್ಟರಿಗೆ. ಅವರ ಹೆಬ್ಬೆರಳಿಗೆ ಬೇರೆ ಸಣ್ಣ ಕೌದಿ ಹೊಲೀತಾ ಇದಾರೆ, ಮುಂದಿನ ವರ್ಷ ಸಿಗತ್ತೆ,” ಎಂದ. ಹಾಲ್ ಬಿದ್ದು ಬಿದ್ದು ನಕ್ಕಿತು. ವಾರೆನ್ ಹೆಬ್ಬೆರಳು ಮೇಲೆತ್ತಿ ತೋರಿಸಿದ. ಜೋಲೀನ್ ಕೌದಿ ಅಪ್ಪಿಕೊಂಡು ಅತ್ತಳು. ನಮ್ಮ ತಂಡದ ಹತ್ತು ಹೆಸರಾಯಿತು. ಆರ್ವಿಲ್ ಕೈಯಲ್ಲಿದ್ದ ಹಾಳೆ ನೋಡಿದ, ಇನಾಳ ಮುಖ ನೋಡಿದ, ಮೈಕು ಕೆಳಗಿಳಿಸಿದ. ಹಸಿರು ನಕ್ಷತ್ರ ಮೇಜಿನ ಮೇಲೆ ಹಾಗೇ ಇತ್ತು.

ಅವರು ಕಾಯುತ್ತಿದ್ದರು. ನನ್ನನ್ನು ಕರೆಯಲೂ ಇಲ್ಲ, ಬಿಡಲೂ ಇಲ್ಲ. ನನಗೆ ಸಿಟ್ಟು ಬಂತು. ಎಲ್ಲರ ಮೇಲೂ ಬಂತು, ಆ ನಗುವ ಫೋಟೊದ ಮೇಲೂ. ಅದೇ ಸಿಟ್ಟಿನಲ್ಲಿ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ನೇರ ನಡೆದು ಹೋಗಿ ಇನಾಳ ಪಕ್ಕದ ಆ ಖಾಲಿ ಜಾಗದಲ್ಲಿ ನಿಂತೆ. ಬೇಕಾದರೆ ತಳ್ಳಲಿ ಎಂದುಕೊಂಡೆ. ಯಾರೂ ತಳ್ಳಲಿಲ್ಲ. ಇನಾ ಮುಂದೆ ನೋಡುತ್ತಲೇ ತುಟಿಯಲ್ಲಷ್ಟೇ ಅಂದಳು: “ಬರೀ ಕೈ?”

ಸೊಂಟದಿಂದ ಸುತ್ತಿಗೆ ತೆಗೆದೆ. ಕೆಂಪು ಪಟ್ಟಿ ನನ್ನ ಬೆವರಿಗೆ ಕಪ್ಪಾಗಿದೆ, ಲೈಲನ ಅಕ್ಷರ ಇನ್ನೂ ಕಾಣುತ್ತದೆ. ಆರ್ವಿಲ್‌ನ ಹತ್ತಿರ ಹೋಗಿ ಅವನ ಕೈ ಬಿಡಿಸಿ ಅದರಲ್ಲಿಟ್ಟೆ.

“ಲೈಲ್‌ದು,” ಎಂದೆ. “ಅಮ್ಮ ನಿನಗೆ ಕೊಟ್ಟಿದ್ಲು. ತಡ ಆಯ್ತು.”

ಅವನು ನನ್ನ ಕೈ ಹಿಡಿದು ಕುಲುಕಿದ. ಮೈಕು ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

“ಒಂಬತ್ತು ವರ್ಷದಿಂದ,” ಎಂದ, “ಕಲ್ಲಲ್ಲಿ ಮೊಳೆ ಹೊಡೀತಿದ್ದೆ ನಾನು.”

ತಮಾಷೆ ಮಾಡಿದಾಗಲೆಲ್ಲ ಎಳೆಯುವ ಆ ಏಯ್ಯ್ ಅವನ ಬಾಯಿಂದ ಬರುವ ಮೊದಲೇ ಹಾಲ್‌ನ ಹೆಂಗಸರೆಲ್ಲ ಗಂಟಲೆತ್ತಿ ಉಲಿದರು. ಗೆದ್ದು ಬಂದವರಿಗೆ ಉಲಿಯುವ ಆ ಎತ್ತರದ ದನಿ. ನಾನು ತಲೆ ತಗ್ಗಿಸಲಿಲ್ಲ. ನನ್ನ ಜಾಗಕ್ಕೆ ವಾಪಸ್ ಬಂದು ನಿಂತೆ. ಇನಾ ಹಸಿರು ಕೌದಿಯನ್ನು ಎತ್ತಿ ನನ್ನ ತೋಳಿನ ಮೇಲೆ ಹಾಕಿ, “ಗೋಡೆ ಪಕ್ಕ ಕೂತಿದಾಳಲ್ಲ ಆ ಮುದುಕಿ, ಅವಳಿಗೆ ಕೊಟ್ಟು ಬಾ. ಬೇಗ,” ಎಂದಳು. ಕೊಟ್ಟು ಬಂದೆ. ಊರೆಲ್ಲ ಸಾಲಾಗಿ ಬಂದು ನಮ್ಮ ಕೈ ಕುಲುಕಿತು. ಮುನ್ನೂರು ಕೈಗಳಿರಬೇಕು. ನನ್ನ ಬೆರಳು ಇನ್ನೂ ನೋಯುತ್ತಿದೆ.

ಎಲ್ಲ ಮುಗಿದ ಮೇಲೆ ಜೋಲೀನ್ ನನ್ನನ್ನು ಮೂಲೆಗೆ ಎಳೆದುಕೊಂಡು ಹೋದಳು. ಕಣ್ಣಲ್ಲಿ ನೀರು.

“ಟ್ವೈಲಾ, ಎಲ್ರಿಗೂ ಕೊಟ್ರು, ನಿಮ್ಮನ್ನ ಮರೆತೇಬಿಟ್ರು! ಅಷ್ಟು ಕೆಲಸ ಮಾಡಿದೋರು ನೀವು. ಮೇಲಿಂದ ನಿಮ್ಮ ಸುತ್ತಿಗೆ ಬೇರೆ ಹೋಯ್ತು. ನಾನು ಹೋಗಿ ಹೇಳ್ಲಾ? ಇಲ್ಲಾಂದ್ರೆ ನಂದು ತಗೊಳ್ಳಿ, ದಯವಿಟ್ಟು.”

ತನ್ನ ಕೌದಿಯನ್ನು ನನ್ನೆದುರು ಹಿಡಿದಳು. ಇನಾ ಪಾತ್ರೆಯ ರಾಶಿಯ ಹಿಂದಿನಿಂದ ನೋಡುತ್ತಿದ್ದಳು. “ಸಿಕ್ಕಿದ್ದನ್ನ ಆಗ್ಲೇ ಕೊಡೋಕೆ ಹೊರಟಿದಾಳೆ. ಪರವಾಗಿಲ್ಲ, ಕಲೀತಿದಾಳೆ,” ಎಂದಳು ನಮ್ಮ ಭಾಷೆಯಲ್ಲಿ.

“ಮರೆತಿಲ್ಲ ಜೋಲೀನ್,” ಎಂದೆ. “ನನಗೆ ಇವರು ಕೊಡಲ್ಲ. ನೀವು ಎಷ್ಟು ವರ್ಷ ಬಂದ್ರೂ ನನಗೆ ಇಲ್ಲಿ ಏನೂ ಕೊಡಲ್ಲ, ನೋಡ್ತಿರಿ.” ನಗು ತಡೆಯಲಾಗಲಿಲ್ಲ. ಅವಳು ನನ್ನನ್ನು ಅಪ್ಪಿಕೊಂಡಳು, ಪಾಪ.

ಅಷ್ಟರಲ್ಲಿ ಇನಾ ಕೂಗಿದಳು: “ಚುಂಕ್ಷಿ! ಏನು ಗೊಂಬೆ ಥರ ನಿಂತಿದೀಯ? ಆ ಹಂಡೆ ಎತ್ತು, ತೊಳಿ. ನಾನೇ ಎತ್ಲಾ, ಈ ಸೊಂಟದಲ್ಲಿ?”

ಹಂಡೆ ಎತ್ತಿದೆ. ಸಂಜೆಯ ದುಂಡುಕೂಟಕ್ಕೆ ನಾನು ಹೋಗಲಿಲ್ಲ, ಕೈಯೆಲ್ಲ ಎಣ್ಣೆಯಾಗಿತ್ತು. ಚುಂಕ್ಷಿ ಎಂದರೆ ಮಗಳು.

ಈ ಪುಟದ ನೆತ್ತಿಯಲ್ಲೂ ಅದೇ ಪ್ರಶ್ನೆ ಇದೆ. ಉತ್ತರ: ಏನೂ ಸಿಗಲಿಲ್ಲ. ಒಂದು ನೂಲೂ ಸಿಗಲಿಲ್ಲ.

ಜುಲೈ 17, ಮಧ್ಯಾಹ್ನ

ವ್ಯಾನ್ ಹೊರಟಿತು, ಹತ್ತು ಜನರನ್ನು ಹೊತ್ತು. ನಾನು ಹೋಗಲಿಲ್ಲ. ಕಾರಣ ಬೇರೇನಿಲ್ಲ. ಬೆಳಿಗ್ಗೆ ಇನಾ ಬಾಗಿಲಿಗೆ ಬಂದು ರ‍್ಯಾಂಪನ್ನು ಮೇಲಿಂದ ಕೆಳಗೆ ನೋಡಿದಳು. ವಾಕರಿನ ಕಾಲನ್ನು ಒಂದು ಹಲಗೆಯ ಮೇಲಿಟ್ಟು ಒತ್ತಿದಳು.

“ಪಕ್ಕಕ್ಕೆ ಕಟಕಟೆ ಇಲ್ಲ. ಬಿದ್ದು ಸಾಯ್ಲಾ ನಾನು? ಕಾಲಿಡಲ್ಲ.”

ಅರ್ಧ ಕೆಲಸ ಬಿಟ್ಟು ಹೋಗುವ ಅಭ್ಯಾಸ ನನಗಿಲ್ಲ. ಎರಡು ದಿನದ ಕೆಲಸ, ಮುಗಿಸಿ ಹೋಗುತ್ತೇನೆ ಎಂದು ಜೋಲೀನಳಿಗೆ ಹೇಳಿದೆ. ಕಾಫಿ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ. ಲೋಟದ ಕಿವಿ ಮುರಿದಿದೆ, ತುಟಿಗೆ ಚುಚ್ಚುತ್ತದೆ.

ಜುಲೈ 19, ಮಂಗಳವಾರ

ತಂಡದವರ ಸುತ್ತಿಗೆಗಳೆಲ್ಲ ವ್ಯಾನಿನೊಂದಿಗೆ ಹೋಗಿವೆ. ಆರ್ವಿಲ್‌ನ ಮನೆಗೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿಯೂ ಟೋಪಿ ಕಣ್ಣಿನ ಮೇಲೆ ಎಳೆದುಕೊಂಡ.

“ಲೆಕ್ಷಿ, ಸುತ್ತಿಗೆ ಬೇಕಿತ್ತು.”

“ಯಾವ ಸುತ್ತಿಗೆ?”

“ಗೊತ್ತಿಲ್ವಾ ನಿನಗೆ?”

“ಊರಲ್ಲಿ ಎಷ್ಟೋ ಸುತ್ತಿಗೆ. ಯಾರ ಸುತ್ತಿಗೆ ಅಂತ ಸರಿಯಾಗಿ ಕೇಳು.”

ಮುದುಕನ ಸೊಕ್ಕು ನೋಡಿ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. “ನಿನ್ನ ಸುತ್ತಿಗೆ, ಲೆಕ್ಷಿ. ನಿನ್ನ ಸುತ್ತಿಗೆ ಸ್ವಲ್ಪ ಕೊಡ್ತೀಯಾ?”

ಬಹಳ ಹೊತ್ತು ಯೋಚಿಸುವವನ ಹಾಗೆ ನಟಿಸಿದ. ಆಮೇಲೆ ಕುರ್ಚಿಯ ಕೆಳಗಿನಿಂದಲೇ ತೆಗೆದುಕೊಟ್ಟ. ಹಿಡಿಗೆ ಹೊಸ ಕೆಂಪು ಪಟ್ಟಿ ಸುತ್ತಿದ್ದ. ಅಕ್ಷರದ ಮೇಲೆ ಮಾತ್ರ ಸುತ್ತಿರಲಿಲ್ಲ.

“ಸಂಜೆ ಒಳಗೆ ತಂದ್ಕೊಡ್ಬೇಕು,” ಎಂದ. “ನಿನ್ನ ನಂಬೋಕಾಗಲ್ಲ.”

ಕಟಕಟೆಯ ಒಂದು ಬದಿ ಮುಗಿಯಿತು. ಬಿಸಿಲಿರುವಾಗಲೇ ಹೋಗಿ ಸುತ್ತಿಗೆ ವಾಪಸ್ ಕೊಟ್ಟು ಬಂದೆ. ಇನ್ನೊಂದು ಬದಿ ಬಾಕಿ ಇದೆ. ನಾಳೆ ಮತ್ತೆ ಹೋಗಿ ಕೇಳಬೇಕು.